ಕರಿಬೇವಿಗೆ ಕ್ಷಮಾದಾನ

ಅತ್ತೆ ಅಂದು ಕಿತ್ತದ್ದು ಕರಿಬೇವೇ ಇರಬೇಕು. ಆದರೆ ಈಗ ಬರೆಯುವಾಗ, ಇಲ್ಲಿನವರು ಅನ್ನಕ್ಕೆ ಘಮಕ್ಕೆಂದು ಹಾಕುವ ಪಾಂಡನ್ ಎಲೆಯೂ ಆಗಿದ್ದಿರಬಹುದು ಎನಿಸುತ್ತಿದೆ. ಹೆಂಡತಿಯನ್ನು ಕೇಳಿದರೆ ನಿಂಬೆಹುಲ್ಲು ಎನ್ನುತ್ತಾಳೆ. ಇಬ್ಬರು ಸಾಕ್ಷಿಗಳು, ಮೂರು ಸೊಪ್ಪು. ಸದ್ಯಕ್ಕೆ ಕರಿಬೇವು ಎಂದೇ ಇಟ್ಟುಕೊಳ್ಳುತ್ತೇನೆ. ಒಗ್ಗರಣೆಯ ವಾಸನೆ ನೆನಪಿದೆ. ಅದನ್ನೂ ಪೂರ್ತಿ ನಂಬುವಂತಿಲ್ಲ.

ಲಾಕ್‌ಡೌನಿನ ಕಾಲ, ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ ನಮ್ಮ ಕಾಂಡೋ, ಅಂದರೆ ಅಪಾರ್ಟ್‌ಮೆಂಟ್. ಮೂರು ವಾರಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ, ವಿಮಾನಗಳು ನಿಂತು ನಮ್ಮಲ್ಲೇ ಉಳಿದಿದ್ದರು. ಮಗಳ ಆನ್‌ಲೈನ್ ತರಗತಿಯಲ್ಲಿ ಅಮೆರಿಕದ ಅಧ್ಯಕ್ಷ ಪದವಿಯ ಪಾಠ. ಮನೆಯವರಿಗೆಲ್ಲ ಹುದ್ದೆ ಹಂಚಿ, ಒಂದು ವಾರ ಆಡಳಿತ ನಡೆಸಿ ವರದಿ ಬರೆಯಬೇಕು. ಅವಳು ಅಧ್ಯಕ್ಷೆ. ಹೆಂಡತಿ ಎಲ್ಲರ ಕೆಲಸ ನೋಡಿಕೊಳ್ಳುವ ಚೀಫ್ ಆಫ್ ಸ್ಟಾಫ್, ಅಂದರೆ ಮೊದಲಿನಿಂದ ಮಾಡುತ್ತಿದ್ದ ಕೆಲಸವೇ. ಮೈಸೂರಿಗೆ ದಿನಕ್ಕೆ ನಾಲ್ಕು ವೀಡಿಯೊ ಕರೆ ಮಾಡುವ ಅತ್ತೆಗೆ ವಿದೇಶಾಂಗ ಖಾತೆ. ನಾನು ಉಪಾಧ್ಯಕ್ಷ. ನನ್ನ ಕೆಲಸವೇನು ಎಂದು ಕೇಳಿದ್ದಕ್ಕೆ, ಅಧ್ಯಕ್ಷೆಗೆ ಏನಾದರೂ ಆಗುವವರೆಗೆ ಕಾಯುವುದು ಎಂದಳು. ಮೊದಲ ದಿನವೇ ಉಪ್ಪಿಟ್ಟಿಗೆ ವೀಟೋ ಬಿತ್ತು. ಮೂವರೂ ಕೈ ಎತ್ತಿ ಅದನ್ನು ಮುರಿದೆವು.

ಮೂರನೆಯ ದಿನ ಅತ್ತೆ, ಕಾಂಡೋದವರು ಮುಚ್ಚಿದ್ದ ತೋಟಕ್ಕೆ ಅಡ್ಡ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ದಾಟಿ ಹೋಗಿ ಎರಡು ಎಸಳು ಕಿತ್ತರು. ಕಾವಲಿನವನು ನಮ್ಮ ಮನೆ ನಂಬರು ಬರೆದುಕೊಂಡ. ಅಷ್ಟೇ ಆದದ್ದು. ಅತ್ತೆ ಮಾತ್ರ ಊಟ ಬಿಟ್ಟರು. ಅವರದು ವಿಸಿಟ್ ವೀಸಾ. ಹೆಸರು ಪೊಲೀಸರವರೆಗೆ ಹೋದರೆ, ವಿಮಾನ ಶುರುವಾದ ಮೇಲೂ ತಮ್ಮನ್ನು ಊರಿಗೆ ಬಿಡುವುದಿಲ್ಲ ಎಂಬ ಭಯ. ಹಾಗೇನೂ ಆಗುವುದಿಲ್ಲ ಎಂದೆ. ಉಪಾಧ್ಯಕ್ಷನ ಮಾತು, ಯಾರು ಕೇಳುತ್ತಾರೆ?

ಅಧ್ಯಕ್ಷರಿಗೆ ಕ್ಷಮಾದಾನದ ಅಧಿಕಾರ ಉಂಟೆಂದು ಹೆಂಡತಿ ಸಮಾಧಾನಕ್ಕೆ ಹೇಳಿದಳು. ಅತ್ತೆ ನೇರವಾಗಿ ಮೊಮ್ಮಗಳ ಮೇಜಿಗೆ ಹೋಗಿ ನಿಂತರು.

"ಸಾರಿ ಅಜ್ಜಿ, ಓನ್ಲಿ ಫೆಡರಲ್ ಕ್ರೈಮ್ಸ್. ಸ್ಟೇಟ್ ಕೇಸ್ ಆದ್ರೆ ನೋ ಪವರ್ ಲಾ." ಇಲ್ಲಿಯ ಶಾಲೆಯಲ್ಲಿ ಕಲಿತ ‘ಲಾ’ ಅವಳ ಮಾತಿನ ಬಾಲ.

"ಬಾಂಬ್ ಹಾಕ್ಸಕ್ಕೆ ಅಧಿಕಾರ ಇದೆ, ಎರಡು ಎಸಳು ಕರಿಬೇವಿಗೆ ಇಲ್ವೇನೇ?"

ಕೌಲಾಲಂಪುರ ಯಾವ ರಾಜ್ಯಕ್ಕೂ ಸೇರಿಲ್ಲ, ಅದು ನೇರ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಪ್ರದೇಶ ಎಂದು ನೆನಪಿಸಿದವನು ನಾನು. ತಾನು ಎನ್ನುತ್ತಾಳೆ ಹೆಂಡತಿ. ಅಧ್ಯಕ್ಷೆ ಸ್ವಲ್ಪ ಯೋಚಿಸಿ, ಎರಡು ಹಾಳೆಯಲ್ಲಿ ಆದೇಶ ಬರೆದು, ಮೇಲೆ ಅಮೆರಿಕದ ಮುದ್ರೆಯ ಹದ್ದಿನ ಚಿತ್ರ ಹಾಕಿ ಸಹಿ ಮಾಡಿದಳು. ಹದ್ದು ಕೋಳಿಯಂತಿತ್ತು. ಒಂದು ಹಾಳೆಯನ್ನು ಕಾಂಡೋ ಕಚೇರಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಉಪಾಧ್ಯಕ್ಷನಿಗೆ ಕೊನೆಗೂ ಒಂದು ಕೆಲಸ. ಇನ್ನೊಂದನ್ನು ಅತ್ತೆ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು, ಅಂದು ಮಧ್ಯಾಹ್ನ ಎರಡು ಸಲ ಸಾರು ಹಾಕಿಸಿಕೊಂಡರು.

ತಿಂಗಳುಗಳ ನಂತರ ವಿಮಾನ ಹತ್ತಿದರು. ಯಾರೂ ತಡೆಯಲಿಲ್ಲ. ಅವರ ಪ್ರಕಾರ, ಪಾಸ್‌ಪೋರ್ಟ್ ನೋಡುವ ಅಧಿಕಾರಿ ಆ ಹಾಳೆಯನ್ನು ಬಿಡಿಸಿ ಓದಿ, ತಲೆಯಾಡಿಸಿ, ಹಾಗೇ ಮಡಿಸಿ ಕೊಟ್ಟ. ನಾನು ಗಾಜಿನ ಈಚೆಗಿದ್ದೆ. ನನಗೆ ಕಂಡದ್ದು ಅತ್ತೆಯ ಬೆನ್ನು. ಇನ್ನು ನನ್ನ ಹಾಳೆ: ಬೀಗ ಹಾಕಿದ್ದ ಕಚೇರಿಯ ಬಾಗಿಲಡಿ ಅದನ್ನು ತೂರಿಸಿದೆನೆಂದೇ ನನ್ನ ನೆನಪು. ಅದನ್ನು ಒಳಗೆ ಯಾರಾದರೂ ಓದಿದರೋ ಇಲ್ಲವೋ, ನನಗೆ ಗೊತ್ತಿಲ್ಲ.