ಅಜ್ಜಂಪುರದ ಹೆಚ್ಚುವರಿ ಕಾಲಂ

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ತೆಂಗಿನ ಸಸಿ ಹಂಚುವ ಸಂಘವೊಂದು ಕಡೂರಿನ ಕಚೇರಿಗೆ ಕಂಪ್ಯೂಟರ್ ತರಿಸಿತ್ತು. ಚಪ್ಪಲಿ ಹೊರಗೆ ಬಿಟ್ಟೇ ಆ ಕೋಣೆಗೆ ಹೋಗಬೇಕು. ಕಪ್ಪು ಪರದೆಯ ಮೇಲಿನ ಆ ಹಸಿರು ಅಕ್ಷರಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿ ರೂಢಿಯಾಗಿದ್ದ ನನಗೆ ಅಲ್ಲಿ ಎರಡು ತಿಂಗಳ ಕೆಲಸ: ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಸಸಿ ಬೇಕೆಂದವರ ಪುಸ್ತಕಗಳನ್ನು ಒಂದೇ ಪಟ್ಟಿಗೆ ಇಳಿಸುವುದು.

ಊರಿಗೊಂದು ತಲೆಬರಹ. ಕಡೂರಿನವರು 'ಹೆಸರು' ಎಂದು ಬರೆದರೆ ತರೀಕೆರೆಯವರು 'ಅರ್ಜಿದಾರರು' ಎನ್ನುತ್ತಿದ್ದರು. ಅಜ್ಜಂಪುರದಲ್ಲಿ ಎರಡು ಕಾಲಂ: 'ಬಂದವರು', 'ಯಾರಿಗೆ'. ನಾನು ನಿಯಮ ಮಾಡಿದೆ. ಕಾಲಂ ಹೆಸರೆಲ್ಲ ಇಂಗ್ಲಿಷಿನಲ್ಲಿ, ದೊಡ್ಡಕ್ಷರದಲ್ಲಿ, ಹತ್ತು ಅಕ್ಷರದೊಳಗೆ. ಮೂರೂ ಊರಿಗೆ ಒಂದೇ 'ನೇಮ್'; ಅಜ್ಜಂಪುರದ 'ಬಂದವರು' ಅದರಡಿಗೆ. 'ಯಾರಿಗೆ' ರದ್ದು.

"ಅದು ಬೇಕಪ್ಪಾ," ಎಂದರು ಅಜ್ಜಂಪುರದಿಂದ ಪುಸ್ತಕ ತಂದಿದ್ದ ಗುಮಾಸ್ತರು.

"ಎರಡೂರಿಗೆ ಬೇಡದ್ದು ನಿಮ್ಗೊಬ್ರಿಗೆ ಯಾಕೆ ಸಾರ್? ಕಾರಣ ಹೇಳಿ."

"ಮೊದ್ಲಿಂದ್ಲೂ ಐತೆ."

"ಅದು ಕಾರಣ ಅಲ್ಲ ಸಾರ್, ಅಭ್ಯಾಸ."

ಅವರು ಪುಸ್ತಕವನ್ನು ನನ್ನತ್ತ ತಳ್ಳಿದರು. ಗೆದ್ದೆನೆಂದುಕೊಂಡೆ. ಮುಂದೆ 'ಬಂದವರು' ಕಾಲಂನ ಒಂದೇ ಹೆಸರು ಒಂಬತ್ತು ಸಲ ಕಂಡಾಗ, ನಕಲೆಂದು ಎಂಟು ಸಾಲು ಅಳಿಸಿಹಾಕಿದೆ.

ಹಂಚುವ ದಿನ ಅಚ್ಚಾದ ಪಟ್ಟಿ ಹಿಡಿದು ಅಜ್ಜಂಪುರಕ್ಕೆ ಹೋದೆ. ಹತ್ತು ಗುಂಡಿ ತೋಡಿಸಿಟ್ಟು ಸಸಿ ಒಯ್ಯಲು ಬಂದ ಹೆಂಗಸೊಬ್ಬರ ಹೆಸರೇ ಪಟ್ಟಿಯಲ್ಲಿಲ್ಲ.

"ನೀವು ಬರೆಸಿದ್ರಾ ಅಮ್ಮಾ?"

"ನಾನ್ಯಾಕ್ ಬರ್ಲಿ? ಸಂತೆಗೆ ಬಂದೋನು ಬರೆಸ್ತಾನೆ. ನಮ್ ಕೇರಿ ಒಂಬತ್ ಮನೇದೂ ಅವ್ನೇ ಬರೆಸಿದ್ದು ಕಣಪ್ಪಾ. ಇವತ್ ಸಿಗ್ದಿದ್ರೆ ಇನ್ ಮುಂದಿನ್ ವರ್ಷವೇ!"

ಒಬ್ಬರು ಸಂತೆಗೆ ಹೊರಟರೆ ಕೇರಿಯವರೆಲ್ಲರ ಕೆಲಸ ಮುಗಿಸಿ ಬರುವುದು ಅಲ್ಲಿನ ಪದ್ಧತಿ. ನಾನು ಅಳಿಸಿದ್ದು ಎಂಟು ಮನೆಗಳನ್ನು. ಸಸಿಗಳನ್ನೇನೋ ಹಳೆಯ ಪುಸ್ತಕ ನೋಡಿಯೇ ತರಿಸಿದ್ದರು. ಆದರೆ ಮಿಕ್ಕದ್ದು ಸಂಜೆ ಬೇರೆ ಊರಿಗೆ ಹೋಗಲಿತ್ತು.

"ಏನ್ ಲಾಯರ್ರೇ, ಸಿಕ್ತಾ ಕಾರಣ?" ಎನ್ನುತ್ತಾ ಗುಮಾಸ್ತರು ಪುಸ್ತಕ ಬಿಚ್ಚಿದರು. ಅವರು 'ಯಾರಿಗೆ' ಕಾಲಂ ಓದುತ್ತಾ ಹೋದರು. ಅಚ್ಚುಕಟ್ಟಾದ ನನ್ನ ಪಟ್ಟಿಯ ಅಂಚಿನಲ್ಲಿ ನಾನು ಎಂಟೂ ಹೆಸರು ಪೆನ್ನಿನಲ್ಲಿ ಬರೆದೆ.

ಸಸಿ ಎತ್ತಿಕೊಡಲು ಬಗ್ಗಿದೆ. ಆಕೆ ನನ್ನ ಕೈ ತಡೆದು, ಸಸಿಯ ನಡುವಿನ ಎಳೆಗರಿ ಮುಟ್ಟಿ ತೋರಿಸಿದರು.

"ಸುಳಿ ನೋಡಿ ಆರ್ಸು ಮಗಾ. ಇಲ್ಲೂ ಎಲ್ಲಾ ಒಂದೇ ಅನ್ಬೇಡ."