ಎರಡು ಪಿಕಪ್ಪು, ಒಂದು ಹಾರ್ನು

ಅರವತ್ತರ ದಶಕದ ಕೊನೆಯಲ್ಲಿ ನಾನು ಆರ್ಕೆಸ್ಟ್ರಾ ಒಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಹೊಸದಾಗಿ ಕೊಂಡ ಗಿಟಾರಿಗೆ ಒಂದಲ್ಲ, ಎರಡು ಪಿಕಪ್. ತಂತಿಯ ಕಂಪನ ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಆ ಪುಟ್ಟ ಪಟ್ಟಿಗಳ ಮಹಿಮೆಯನ್ನು ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಶಿರಾದ ಒಂದು ಮದುವೆಯಲ್ಲಿ ಸೌಂಡ್ ಸೆಟ್ಟಿನ ಸಾಬರಿಗೂ ಹೇಳಿದೆ: "ಇದು ದಪ್ಪ ದನಿಗೆ, ಇದು ಚೂಪು ದನಿಗೆ. ಸ್ವಿಚ್ ತಿರುಗಿಸಿದರೆ ಬೇಕಾದ್ದು ಬರುತ್ತೆ."

"ನಮ್ದು ಒಂದೇ ಹಾರ್ನು ಮೇಷ್ಟ್ರೇ," ಎಂದು ಅವರು ಬೇವಿನ ಮರದ ತುದಿಗೆ ಕಟ್ಟಿದ್ದ ಧ್ವನಿವರ್ಧಕ ತೋರಿಸಿದರು. ಅದರ ಬಾಯಿ ಚಪ್ಪರದ ಕಡೆಗಲ್ಲ, ಮಧುಗಿರಿ ರಸ್ತೆಯ ಕಡೆಗಿತ್ತು. "ಬೀಗರು ಆ ಕಡೆಯಿಂದ ಬರ್ತಾರೆ. ಮದ್ವೆ ಜೋರಾಗೈತೆ ಅಂತ ದೂರದಿಂದ್ಲೇ ಗೊತ್ತಾಗ್ಬೇಕಲ್ಲ?"

ನುಡಿಸಿದೆ. ಗಂಟಲು ಕಟ್ಟಿದ ಎಮ್ಮೆಯ ಹಾಗೆ ಹಾರ್ನು ಗೊರಗೊರ ಎಂದಿತು. ಸಾಬರು ಓಡಿಬಂದರು. ನಾನು ಗತ್ತಿನಿಂದ ಸ್ವಿಚ್ ತಿರುಗಿಸಿದೆ. ಮತ್ತೆ ಅದೇ ಗೊರಗೊರ. ತಗಡಿನ ಹಾರ್ನಿಗೆ ಬೇಸ್ ಗಿಟಾರಿನ ತಗ್ಗಿನ ಸ್ವರ ದಕ್ಕುವುದಿಲ್ಲ ಎಂದು ನಾನು ಬಾಯಿ ತೆರೆಯುವ ಮೊದಲೇ ಅವರು ಮರುಕದಿಂದ ತೀರ್ಪು ಕೊಟ್ಟರು:

"ಎರಡೂ ಕೆಟ್ಟೋಗವೆ ಮೇಷ್ಟ್ರೇ. ಮುಂದಿನ್ ಸಲ ಒಂದೇ ಇರೋದು ತಗಳ್ಳಿ, ಕೆಟ್ರೂ ಒಂದೇ ಕೆಡ್ತದೆ."

ಆಮೇಲೆ ನನ್ನ ವೈರು ಕಿತ್ತರು. "ಸುಮ್ನೆ ಹಿಡ್ಕಂಡು ನಿಂತ್ಕಳಿ, ಜನ ನೋಡ್ಲಿ."

ಉಳಿದ ಹಾಡುಗಳಿಗೆಲ್ಲ ಸದ್ದಿಲ್ಲದ ತಂತಿ ಮೀಟುತ್ತ, ಸ್ವಿಚ್ಚನ್ನು ಮಾತ್ರ ಬಿಡದೆ ಅತ್ತಿತ್ತ ತಿರುಗಿಸುತ್ತ ನಿಂತೆ.

ಊಟದ ಹೊತ್ತಿಗೆ ಮದುವೆ ಹುಡುಗಿಯ ತಂದೆ ನನ್ನನ್ನೇ ಹುಡುಕಿಕೊಂಡು ಬಂದು ಕೈ ಹಿಡಿದರು.

"ಎಲ್ಲಾರ್ಗಿಂತ ನಿಮ್ದೇ ಚೆನ್ನಾಗಿತ್ತು ಸ್ವಾಮಿ. ಒಂಚೂರೂ ಗಲಾಟೆ ಇರ್ಲಿಲ್ಲ."