ಬೇವಿನ ಬುಡಕ್ಕೆ ಹೂತ ಗಂಟು

ಅಕ್ಕನ ತೊಡೆಯಿಂದ ಕೊಯ್ದು ತೆಗೆದ ಗಂಟನ್ನು ಮಾಮಾ ಹೊಲಕ್ಕೆ ಒಯ್ದು ಬೇವಿನ ಬುಡದಲ್ಲಿ ಹೂತರು. ಅರಿಷಿಣ-ಕುಂಕುಮ ಹಾಕಿ, ಊದಿನಕಡ್ಡಿ ಬೆಳಗಿ! ಕೇಳಿ ನಾನು ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಮಾಮಾ ಅಂದರೆ ಅಕ್ಕನ ಗಂಡ. ಬಿಜ್ಜರಗಿಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಹೋದ ವರ್ಷ ಅಕ್ಕನ ತೊಡೆಯಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತ್ತು. ನೋವಿಲ್ಲ, ಕೀವಿಲ್ಲ. ವಿಜಯಪುರದ ಡಾಕ್ಟರೊಬ್ಬರು ಅದನ್ನು ತೆಗೆದು, ಔಷಧಿ ನೀರಿನ ಡಬ್ಬಿಗೆ ಹಾಕಿ, "ಜೋರಾಪುರ ಪೇಟೆ ಲ್ಯಾಬಿಗೆ ಕೊಟ್ಟ ಹೋಗ್ರಿ" ಎಂದರು. ಮಾಮಾ ಡಬ್ಬಿ ಹಿಡಿದು ಸೀದಾ ಊರಿನ ಬಸ್ಸು ಹತ್ತಿದರು.

"ಕೂಸಿನ ಹೊಕ್ಕಳಬಳ್ಳಿ ಹುಗಿಯೂದಿಲ್ಲೇನು? ಮೈಯಾಂದು ಮಣ್ಣಿಗೇ ಹೋಗಬೇಕಪಾ. ಯಾರ್ಯಾರೋ ಅದನ್ನ ಕೊಯ್ದು ನೋಡೂದು ಯಾಕ?" ಇದು ಅವರ ವಾದ. (ಇದೇ ಮನುಷ್ಯ ವರ್ಷಾ ವರ್ಷಾ ದ್ರಾಕ್ಷಿ ಎಲೆಯ ತೊಟ್ಟು ಕಿತ್ತು ಟೆಸ್ಟಿಗೆ ಕಳಿಸುತ್ತಾರೆ. ಬಳ್ಳಿಗೆ ಏನು ಕಡಿಮೆಯಾಗಿದೆ ಅಂತ ಗೊತ್ತಾಗಬೇಕಲ್ಲ!)

ಈ ವರ್ಷ ಗಂಟು ಮತ್ತೆ ಬಂತು. ಅದೇ ಜಾಗ, ತೆಂಗಿನಕಾಯಿ ಗಾತ್ರ. ಅಕ್ಕನನ್ನು ವಿಜಯಪುರದ ಜಲನಗರದಲ್ಲಿರುವ ನನ್ನ ಮನೆಗೆ ಕರೆತಂದು ದೊಡ್ಡ ಆಸ್ಪತ್ರೆಗೆ ತೋರಿಸಿದೆ.

"ಹೋದ ಸಲದ ರಿಪೋರ್ಟ್ ಎಲ್ಲೈತ್ರಿ?" ಎಂದು ಡಾಕ್ಟರಮ್ಮ ಕೇಳಿದರು. "ಡಬ್ಬಿ ಹೊಲದಾಗ ಹುಗದೇನ್ರಿ" ಎಂದರು ಮಾಮಾ.

ಗಂಟಿನ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿಟ್ಟರು. ಎಲ್ಲ ಒಂದೇ ನಮೂನೆಯ ಉದ್ದುದ್ದ ಜೀವಕೋಶಗಳು. ಸ್ನಾಯುವಿನದೋ, ನರದ್ದೋ, ಕೊಬ್ಬಿನದೋ? ಬರೀ ನೋಡಿ ಹೇಳಲಾಗದಂತೆ, ಪ್ರೋಟೀನ್ ಹುಡುಕಬೇಕಂತೆ. ಒಂದೊಂದು ಜಾತಿಯ ಗಡ್ಡೆಯಲ್ಲಿ ಒಂದೊಂದು ಪ್ರೋಟೀನು. ತಕ್ಕ ಔಷಧ ಹಾಕಿದರೆ ಅದು ಕಂದು ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತದೆ. ನಮ್ಮ ಕಡೆ ಮನೆತನದ ಅಡ್ಡಹೆಸರು ಕೇಳಿದರೆ ಮೂಲ ಊರು ತಿಳಿಯುತ್ತದಲ್ಲ, ಹಾಗೆ.

ಗಡ್ಡೆಯ ಹೆಸರು ಬಂತು. ಬಹಳ ಅಪರೂಪದ್ದು, ನಾಲಿಗೆ ಹೊರಳದಂಥದ್ದು. ಜೊತೆಗೆ ಸ್ಕ್ಯಾನೂ ಬಂತು. ಶ್ವಾಸಕೋಶದ ತುಂಬ ಜೋಳ ಚೆಲ್ಲಿದಂತೆ ಚುಕ್ಕೆಗಳು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. "ಮೊದಲನೇ ಗಂಟಿನಾಗ ಗೊತ್ತಾಗಿದ್ದರ ಸುತ್ತಲಿನ ಮಾಂಸಾನೂ ತಗದು ರೇಡಿಯೇಶನ್ ಕರೆಂಟ್ ಕೊಡಬಹುದಿತ್ರಿ. ಉಳಿಯೂ ಛಾನ್ಸ್ ಭಾಳ ಇತ್ತು. ಈಗ ನೋವು ಕಡಿಮಿ ಮಾಡೂದಷ್ಟ."

ಯಾರಿಗೆ ಬೈಯಲಿ? ಹೆಂಡತಿಯ ಮೈಯ ಚೂರು ಕೂಡ ಕಸದ ಬುಟ್ಟಿಗೆ ಬೀಳಬಾರದು ಎಂದು ಪೂಜೆ ಮಾಡಿ ಹೂತವರಿಗೆ ಬೈಯಲೇ? 'ಲ್ಯಾಬಿಗೆ ಕೊಡ್ರಿ' ಎಂದವರು ಯಾಕೆ ಎಂದು ಎರಡು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಗಂಟು ಹೋಯಿತು ಎಂದರೆ ರೋಗ ಹೋಯಿತು ಎಂದೇ ನಾವೆಲ್ಲ ತಿಳಿದಿದ್ದೇವೆ. ದಯವಿಟ್ಟು, ಮೈಯಿಂದ ತೆಗೆದದ್ದು ಏನೇ ಇರಲಿ, ಮೊದಲು ಲ್ಯಾಬಿಗೆ ಕೊಡಿ. ಪೂಜೆ ಆಮೇಲೆ ಮಾಡಿ.

ಒಳಗೆ ಹೋದೆ. ಮಾಮಾ ಅಕ್ಕನ ಪಾದ ಒತ್ತುತ್ತ ಕೂತಿದ್ದರು. ಅಕ್ಕನ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು.

"ಯಾವ ರೋಗ ಅಂತ ಗೊತ್ತಾತಂತಲ್ಲೋ ತಮ್ಮಾ! ಅಂದಮ್ಯಾಲ ಇನ್ನ ಆರಾಮ ಆಗತೈತಿ, ಹೌದಿಲ್ಲೊ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?